ಖೊಟ್ಟಿ ಸುದ್ದಿಯೂ ನಮ್ಮ ಮಕ್ಕಳೂ

(ವಿಜಾಪುರದ ಸೊಲ್ಲಾಪುರ ರಸ್ತೆಯಲ್ಲಿ ನೆರೆದ ಗಿರಣಿ ಕಾಮಗಾರರ ಹಾಗೂ ಸಣ್ಣ ವ್ಯಾಪಾರಸ್ಥರ ಸಭೆಯಲ್ಲಿ ಮಾಡಿದ ಭಾಷಣ)



ಮಕ್ಕಳ ವಿಷಯವಾಗಿ ಮೊಬೈಲಿನಲ್ಲಿ ಬರುವ ಹೆದರಿಕೆಯ ಸುದ್ದಿಗಳ ಬಗೆಗೆ ನಾಲ್ಕು ಮಾತು ಆಡಬೇಕೆಂದು ಮಿತ್ರರು ನನ್ನನ್ನು ಕರೆದಿದ್ದಾರೆ. ಕೂಲಿಯ ದರ, ಮಾಲಿನ ಬೆಲೆ, ದುಕಾನಿನ ಬಾಡಿಗೆ ಇವೆಲ್ಲ ಇರುವಾಗ ಈ ವಿಷಯವೇಕೆ ಎಂದು ನಿಮ್ಮಲ್ಲಿ ಕೆಲವರಿಗೆ ಅನಿಸಬಹುದು. ಇದು ಮನೆಯಲ್ಲಿ ಕುಳಿತು ಆಡುವ ಹರಟೆಯ ವಿಷಯವಲ್ಲ. ಇದರಿಂದ ಜೀವ ಹೋಗಿವೆ. ಹೋದ ಜೀವಗಳಲ್ಲಿ ಕೆಲವು ಈ ರಸ್ತೆಯ ಆಸುಪಾಸಿನವೇ.

ಇಲ್ಲಿಂದ ಹೊರಟು ಹೊರ್ತಿ, ಝಳಕಿ, ಧೂಳಖೇಡ ದಾಟಿ ಭೀಮಾ ನದಿ ಕಳೆದರೆ ಸೊಲ್ಲಾಪುರ ಜಿಲ್ಲೆ. ನಮ್ಮ ಅಜ್ಜಂದಿರು ಗಿರಣಿಯ ಕೆಲಸ ಹುಡುಕಿಕೊಂಡು ಹೋದದ್ದು ಇದೇ ದಿಕ್ಕಿಗೆ. ಆ ಜಿಲ್ಲೆಯಲ್ಲಿ ನಮ್ಮ ಗಡಿಗೆ ಹತ್ತಿದಂತೆ ಮಂಗಳವೇಢ ಇದೆ. ಬಿಜ್ಜಳನ ಕಾಲದಿಂದ ಹೆಸರಾದ ಊರು. ಅತ್ತ ಕಡೆಯ ನಾಥಪಂಥಿ ಡವರಿ ಗೋಸಾವಿ ಎಂಬ ಅಲೆಮಾರಿ ಸಮಾಜದವರು ಊರೂರು ತಿರುಗಿ ಭಿಕ್ಷೆ ಬೇಡಿ ಬದುಕುತ್ತಾರೆ. ೨೦೧೮ರ ಜುಲೈ ೧ರಂದು ಅವರಲ್ಲಿ ಐದು ಮಂದಿ ಧುಳೆ ಜಿಲ್ಲೆಯ ರೈನಪಾಡಾ ಎಂಬ ಹಳ್ಳಿಗೆ ಹೋಗಿದ್ದರು. ಅಂದು ಅಲ್ಲಿ ವಾರದ ಸಂತೆ. ಅವರು ಒಂದು ಮಗುವನ್ನು ಮಾತನಾಡಿಸಿದರೆಂದು ಯಾರೋ ಕೂಗಿದರು. “ಮಕ್ಕಳ ಕಳ್ಳರು” ಎಂಬ ಸುದ್ದಿ ಅದಕ್ಕೂ ಮೊದಲೇ ಮೊಬೈಲುಗಳಲ್ಲಿ ಆ ಪ್ರಾಂತವನ್ನೆಲ್ಲ ಸುತ್ತಿ ಬಂದಿತ್ತು. ಜನ ಆ ಐವರನ್ನು ಗ್ರಾಮ ಪಂಚಾಯತಿಯ ಕಚೇರಿಯೊಳಗೆ ಎಳೆದುಕೊಂಡು ಹೋಗಿ ಹೊಡೆದು ಕೊಂದರು. ಅವರು ಯಾವ ಮಗುವನ್ನೂ ಕದ್ದಿರಲಿಲ್ಲ.

ಅದು ಮಹಾರಾಷ್ಟ್ರದ ಮಾತು ಎನ್ನಬೇಡಿರಿ. ಅದೇ ವರ್ಷ ಮೇ ೨೩ರಂದು ಬೆಂಗಳೂರಿನ ಚಾಮರಾಜಪೇಟೆಯ ಕಡೆಯಲ್ಲಿ ರಾಜಸ್ಥಾನದಿಂದ ಬಂದ ಒಬ್ಬ ತರುಣನನ್ನು ಇದೇ ಗುಮಾನಿಯಿಂದ ಕೈಕಾಲು ಕಟ್ಟಿ, ಬೀದಿಯಲ್ಲಿ ಎಳೆದು, ಬಡಿದು ಕೊಂದರು. ಜುಲೈ ೧೩ರಂದು ನಮ್ಮ ಬೀದರ ಜಿಲ್ಲೆಯ ಮುರ್ಕಿ ಗ್ರಾಮದಲ್ಲಿ ಇನ್ನೊಂದು ಕೊಲೆ ನಡೆಯಿತು. ಹೈದರಾಬಾದಿನಿಂದ ಬಂದ ಕೆಲವು ಸ್ನೇಹಿತರು ದಾರಿಯಲ್ಲಿ ಶಾಲೆಯ ಮಕ್ಕಳಿಗೆ ಚಾಕಲೇಟು ಕೊಟ್ಟರು. ಇಷ್ಟೇ ಅವರ ಅಪರಾಧ. ಒಂದೂರಿನವರು ಸಂಶಯಪಟ್ಟರು. ಕಾರು ಮುಂದಿನೂರಿಗೆ ಮುಟ್ಟುವುದರೊಳಗೆ ವಾಟ್ಸಾಪಿನ ಸುದ್ದಿ ಮುಟ್ಟಿತ್ತು. ರಸ್ತೆಗೆ ಅಡ್ಡಗಟ್ಟಿದರು, ಕಾರು ಹಳ್ಳಕ್ಕೆ ಬಿತ್ತು. ಒಬ್ಬ ಸಾಫ್ಟ್‌ವೇರ್ ಇಂಜಿನಿಯರು ಸತ್ತ. ಬಿಡಿಸಲು ಹೋದ ಪೋಲೀಸರಿಗೂ ಪೆಟ್ಟು ಬಿದ್ದವು. ಆಮೇಲೆ ಊರಿನ ಮೂವತ್ತಕ್ಕೂ ಮೇಲ್ಪಟ್ಟು ಜನ ಸೆರೆಯಾದರು. ಅಂದು ಬೆಳಿಗ್ಗೆ ಮನೆಯಿಂದ ಹೊರಟಾಗ ಇವರಲ್ಲಿ ಎಷ್ಟು ಮಂದಿ ತಾವು ಸಂಜೆಗೆ ಕೊಲೆಯ ಆರೋಪಿಗಳಾಗುವೆವೆಂದು ತಿಳಿದಿದ್ದರು?

ಈಗ ಆ ಸುದ್ದಿಯನ್ನೇ ಸ್ವಲ್ಪ ತಿರುವಿ ನೋಡೋಣ. ಅದರ ಜೊತೆಗೆ ಒಂದು ಚಲಚ್ಚಿತ್ರದ ತುಣುಕು ಬರುತ್ತಿತ್ತು. ಬೀದಿಯಲ್ಲಿ ಮಕ್ಕಳು ಆಡುತ್ತಿದ್ದಾರೆ. ಮೋಟಾರ್ ಸೈಕಲ್ಲಿನ ಮೇಲೆ ಇಬ್ಬರು ಬಂದು ಒಂದು ಹುಡುಗನನ್ನು ಎತ್ತಿಕೊಂಡು ಹೋಗುತ್ತಾರೆ. ನೋಡಿದವರ ಎದೆ ಧಸ್ಸೆನ್ನಬೇಕು. ಆದರೆ ಅದು ನಮ್ಮ ದೇಶದ್ದೇ ಅಲ್ಲ. ಪಾಕಿಸ್ತಾನದ ಕರಾಚಿಯಲ್ಲಿ ಮಕ್ಕಳನ್ನು ಜೋಪಾನ ಮಾಡಿರೆಂದು ತಿಳಿಸಲು ‘ರೋಶನಿ ಹೆಲ್ಪ್‌ಲೈನ್’ ಎಂಬ ಸಂಸ್ಥೆ ಮಾಡಿಸಿದ ಚಿತ್ರ. ಅದರ ಕೊನೆಯಲ್ಲಿ ಆ ಇಬ್ಬರೇ ಹುಡುಗನನ್ನು ಮರಳಿ ತಂದು ಬಿಟ್ಟು, ಎಚ್ಚರಿಕೆಯ ಫಲಕವನ್ನು ಹಿಡಿದು ತೋರಿಸುತ್ತಾರೆ. ಯಾರೋ ಆ ಕೊನೆಯನ್ನು ಕತ್ತರಿಸಿ ಉಳಿದದ್ದನ್ನು ಹರಿಯಬಿಟ್ಟರು. ಸಾಲಾಗಿ ಮಲಗಿಸಿದ ಸತ್ತ ಮಕ್ಕಳ ಇನ್ನೊಂದು ಚಿತ್ರ ಬಂತು. ಅಂಗಾಂಗ ಕದಿಯಲು ಕೊಂದ ಮಕ್ಕಳೆಂದು ಕೆಳಗೆ ಬರೆದಿತ್ತು. ಅವರು ೨೦೧೩ರಲ್ಲಿ ಸಿರಿಯಾ ದೇಶದ ಘೌಟಾದಲ್ಲಿ ವಿಷದನಿಲಕ್ಕೆ ಬಲಿಯಾದ ಕೂಸುಗಳು. ಎಲ್ಲಿಯೋ ಯುದ್ಧದಲ್ಲಿ ಸತ್ತ ಮಕ್ಕಳನ್ನು ತೋರಿಸಿ ಇಲ್ಲಿ ಭಿಕ್ಷುಕರನ್ನು ಕೊಲ್ಲಿಸಿದಂತಾಯಿತು.

ಇನ್ನೊಂದು ಜಾತಿಯ ಸುದ್ದಿಯಿದೆ. ಅದು ನೇರವಾಗಿ ಮಕ್ಕಳನ್ನೇ ಹೆದರಿಸುವಂಥದು. ೨೦೧೭ರಲ್ಲಿ ‘ನೀಲಿ ತಿಮಿಂಗಿಲ’ ಎಂಬ ಆಟದ ಹುಯಿಲು ಎದ್ದಿತು. ಮೊಬೈಲಿನಲ್ಲಿ ದಿನಕ್ಕೊಂದು ಅಪ್ಪಣೆ ಬರುವುದಂತೆ, ಐವತ್ತನೆಯ ದಿನ ಮಗು ಆತ್ಮಹತ್ಯೆ ಮಾಡಿಕೊಳ್ಳುವುದಂತೆ. ಪತ್ರಿಕೆಗಳು ಬರೆದವು, ಶಾಲೆಗಳು ಸುತ್ತೋಲೆ ಹೊರಡಿಸಿದವು. ಕೇಂದ್ರ ಸರ್ಕಾರ ತಜ್ಞರ ಸಮಿತಿಯಿಂದ ಆ ಪ್ರಕರಣಗಳನ್ನು ತನಿಖೆ ಮಾಡಿಸಿತು. ಯಾವ ಪ್ರಕರಣದಲ್ಲಿಯೂ ಈ ಆಟದ ಕೈವಾಡ ಸಿದ್ಧವಾಗಲಿಲ್ಲವೆಂದು ೨೦೧೮ರ ಜನವರಿಯಲ್ಲಿ ಲೋಕಸಭೆಗೆ ತಿಳಿಸಿತು. ಹುಯಿಲು ಎಷ್ಟು ಜನರಿಗೆ ಮುಟ್ಟಿತ್ತೋ ಈ ಉತ್ತರ ಅದರ ನೂರರಲ್ಲೊಂದು ಪಾಲಿಗೂ ಮುಟ್ಟಲಿಲ್ಲ.

ಅದರ ಹಿಂದೆಯೇ ‘ಮೋಮೋ’ ಬಂತು. ಕಣ್ಣು ಹೊರಬಿದ್ದ, ಬಾಯಿ ಕಿವಿಯವರೆಗೆ ಹರಿದ ಒಂದು ಹೆಣ್ಣಿನ ಮುಖ. ಅದು ಮಕ್ಕಳ ಮೊಬೈಲಿಗೆ ಬಂದು ಅಪ್ಪಣೆ ಕೊಡುವುದೆಂದು ೨೦೧೮ರಲ್ಲಿ ನಮ್ಮ ದೇಶದಲ್ಲಿಯೂ, ೨೦೧೯ರಲ್ಲಿ ಇಂಗ್ಲಂಡಿನಲ್ಲಿಯೂ ಗುಲ್ಲಾಯಿತು. ಆ ಮುಖ ಯಾವುದು? ಜಪಾನಿನ ಕೇಸುಕೆ ಐಸೊ ಎಂಬ ಕಲಾವಿದ ಮಾಡಿ, ೨೦೧೬ರಲ್ಲಿ ಟೋಕಿಯೋದಲ್ಲಿ ಪ್ರದರ್ಶನಕ್ಕಿಟ್ಟ ಬೊಂಬೆ. ಬಾಣಂತನದಲ್ಲಿ ಸತ್ತ ತಾಯಿಯ ದೆವ್ವದ ಕಥೆ ಅಲ್ಲಿಯೂ ಇದೆ, ಅದರ ರೂಪ. ಬೊಂಬೆ ಕೊಳೆತುಹೋಗಿ ೨೦೧೮ರಲ್ಲಿಯೇ ಅದನ್ನು ಎಸೆದೆನೆಂದು ಅವನೇ ಹೇಳಿದ. ಇದರಿಂದ ಮಕ್ಕಳಿಗೆ ಹಾನಿಯಾದ ಪುರಾವೆ ಇಲ್ಲವೆಂದು ಇಂಗ್ಲಂಡಿನ ಮಕ್ಕಳ ಹಿತರಕ್ಷಣಾ ಸಂಸ್ಥೆಗಳು ಸಾರಿದವು. ಎಚ್ಚರಿಕೆ ಕೊಡುತ್ತೇವೆಂದು ದೊಡ್ಡವರು ಆ ಮುಖವನ್ನು ಹಂಚಿದ್ದರಿಂದಲೇ ಮಕ್ಕಳು ಅದನ್ನು ಕಂಡು ಹೆದರಿದರು. ಮೋಮೋ ಮನೆಯೊಳಗೆ ಬಂದದ್ದು ತಂದೆತಾಯಿಗಳ ಕೈಯಿಂದ.

ಇಲ್ಲಿ ನಾವು ಸ್ವಲ್ಪ ನಿಂತು ಯೋಚಿಸಬೇಕು. ಸುಳ್ಳು ಹುಟ್ಟಿಸುವವನು ದುಷ್ಟನಿರಬಹುದು, ತಮಾಷೆಗಾರನಿರಬಹುದು. ಹೊತ್ತು ಹಂಚುವವರು ಹಾಗಲ್ಲ. ಮಗಳನ್ನು ಶಾಲೆಗೆ ಕಳಿಸಿ ಪಾಳಿಗೆ ಬಂದ ತಾಯಿ, ಅಂಗಡಿಯಲ್ಲಿ ಕುಳಿತು ಮನೆಯ ಚಿಂತೆ ಮಾಡುವ ತಂದೆ. ನಮ್ಮಂಥವರ ಮನೆಯಲ್ಲಿ ಮಕ್ಕಳನ್ನು ಕಾಯಲು ಆಳುಗಳಿಲ್ಲ. ಇಬ್ಬರೂ ದುಡಿಯಲು ಹೋದಾಗ ಮಗು ಓಣಿಯ ಭರವಸೆಯ ಮೇಲೆ ಬೆಳೆಯುತ್ತದೆ. ಆದುದರಿಂದ ನಮ್ಮ ಭಯ ನಿಜವಾದ ಭಯ. ಖೊಟ್ಟಿ ಸುದ್ದಿ ಆ ನಿಜವಾದ ಭಯದ ಬೆನ್ನು ಹತ್ತಿಯೇ ಸವಾರಿ ಮಾಡುತ್ತದೆ.

ಮತ್ತು ಅದು ಯಾರ ಮೇಲೆ ಹೋಗಿ ಬೀಳುತ್ತದೆ? ಭಿಕ್ಷುಕ, ಅಲೆಮಾರಿ, ಹುಚ್ಚ, ಭಾಷೆ ಬಾರದ ಪರಊರಿನ ಕೂಲಿಕಾರ. ಬಂಧುಗಳೇ, ನಮ್ಮ ಜಿಲ್ಲೆಯಿಂದ ವರ್ಷ ವರ್ಷವೂ ಸಾವಿರಾರು ಜನ ಹೊರಡುತ್ತಾರೆ. ತಾಂಡಾಗಳಿಂದ ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ, ಕಟ್ಟಡದ ಕೆಲಸಕ್ಕೆ ಗೋವೆಗೆ, ಮಂಗಳೂರಿಗೆ, ಬೆಂಗಳೂರಿಗೆ. ತಿಕೋಟಾದವನು, ಬಬಲೇಶ್ವರದವನು ಆ ಊರಲ್ಲಿ ಯಾರು? ಪರಊರಿನವನು. ಅವನು ಸಂಜೆ ಚಹದ ಅಂಗಡಿಯ ಮುಂದೆ ಆಡುವ ಕೂಸನ್ನು ಕಂಡು, ತನ್ನ ಕೂಸಿನ ನೆನಪಾಗಿ, ಒಂದು ಪೆಪ್ಪರಮಿಂಟು ಕೊಟ್ಟಾನು. ಇಲ್ಲಿ ನಾವು ಅಪರಿಚಿತನಿಗೆ ಏನು ಮಾಡುತ್ತೇವೋ ಅಲ್ಲಿ ನಮ್ಮವನಿಗೆ ಅದೇ ಆಗುತ್ತದೆ.

“ಸುಳ್ಳಿದ್ದರೆ ಸುಳ್ಳಾಗಲಿ, ಹುಷಾರಿರಲಿ ಎಂದು ಕಳಿಸಿದೆ, ಕಳಿಸಿದರೆ ಏನು ಖರ್ಚು?” ಎಂದು ಕೇಳುವವರಿದ್ದಾರೆ. ಖರ್ಚು ಎಷ್ಟೆಂದು ಮೇಲೆ ಹೇಳಿದೆ. ಕಳಿಸಿದವನ ಜೇಬಿನಿಂದ ಹೋಗದ ಮಾತ್ರಕ್ಕೆ ಖರ್ಚಿಲ್ಲವೆನ್ನಲಾಗದು. ಇನ್ನೊಂದು ನಷ್ಟವೂ ಇದೆ. ಹತ್ತು ಸಲ ಸುಳ್ಳು ಕೂಗು ಕೇಳಿದ ಊರು ಹನ್ನೊಂದನೆಯ ಸಲ ನಿಜವಾಗಿ ಮಗು ಕಳೆದುಹೋದಾಗ ಎದ್ದು ಬರುವುದಿಲ್ಲ.

ಹಾಗಾದರೆ ಏನು ಮಾಡಬೇಕು? ಇದು ನಿಮಗೆ ಹೊಸ ವಿದ್ಯೆಯಲ್ಲ. ಗಿರಾಕಿ ಕೊಟ್ಟ ನೋಟನ್ನು ಅಂಗಡಿಕಾರ ಬೆಳಕಿಗೆ ಹಿಡಿದು ನೋಡಿಯೇ ಗಲ್ಲೆಗೆ ಹಾಕುತ್ತಾನೆ. ನೂಲು ಗಟ್ಟಿಯೋ ಜೊಳ್ಳೋ ಎಂದು ಮಗ್ಗದ ಕಾಮಗಾರ ಎಳೆದು ನೋಡಿಯೇ ಹೂಡುತ್ತಾನೆ. ಸುದ್ದಿಯನ್ನೂ ಹಾಗೆಯೇ ಬೆಳಕಿಗೆ ಹಿಡಿಯಿರಿ, ಎಳೆದು ನೋಡಿರಿ.

ಮೊದಲು ಕೇಳಿರಿ: ಯಾವ ಊರು, ಯಾವ ದಿನ, ಯಾವ ಪೋಲೀಸ್ ಠಾಣೆ? “ನಿನ್ನೆ ನಮ್ಮ ಪಕ್ಕದೂರಲ್ಲಿ” ಎಂದಿದ್ದರೆ ಅದು ಯಾವ ಊರಿಗೂ ಹೊಂದುವ ಮಾತು, ಓದಿದ ದಿನವೆಲ್ಲ ಅದಕ್ಕೆ ‘ನಿನ್ನೆ’ಯೇ. ಎರಡನೆಯದಾಗಿ, ಚಿತ್ರವನ್ನು ನೋಡಿರಿ. ಅಂಗಡಿಯ ಫಲಕ ಯಾವ ಭಾಷೆಯಲ್ಲಿದೆ, ಗಾಡಿಯ ನಂಬರು ಎಲ್ಲಿಯದು, ಜನರ ಉಡುಪು ಯಾವ ಸೀಮೆಯದು? ಗೂಗಲ್‌ನಲ್ಲಿ ಚಿತ್ರವನ್ನೇ ಹಾಕಿ ಹುಡುಕುವ ಸೌಕರ್ಯವಿದೆ. ಅದೇ ಚಿತ್ರ ಹಿಂದೆ ಎಲ್ಲೆಲ್ಲಿ ಬಂದಿತ್ತೆಂದು ಅದು ತೋರಿಸುತ್ತದೆ. ನಿಮಗೆ ಬಾರದಿದ್ದರೆ ಕಾಲೇಜಿಗೆ ಹೋಗುವ ಓಣಿಯ ಹುಡುಗಿಗೆ ಹೇಳಿರಿ, ಎರಡು ಮಿನಿಟಿನ ಕೆಲಸ. ಮೂರನೆಯದಾಗಿ, ತುಣುಕಿಗೆ ತಲೆಬಾಲ ಇದೆಯೋ ನೋಡಿರಿ. ಕರಾಚಿಯ ಚಿತ್ರದಲ್ಲಿ ಸತ್ಯವಿದ್ದದ್ದು ಕತ್ತರಿಸಿದ ಬಾಲದಲ್ಲಿ. ನಾಲ್ಕನೆಯದಾಗಿ, ೧೧೨ಕ್ಕೆ ಅಥವಾ ಹೆಸರು ಹೇಳಿದ ಠಾಣೆಗೆ ಫೋನು ಮಾಡಿ ವಿಚಾರಿಸಿರಿ. ಉತ್ತರ ಬರುವವರೆಗೆ ಸುದ್ದಿ ನಿಮ್ಮಲ್ಲಿಯೇ ಇರಲಿ. ಸುಳ್ಳೆಂದು ತಿಳಿದರೆ ಸುಮ್ಮನೆ ಅಳಿಸಬೇಡಿರಿ. ಕಳಿಸಿದವನಿಗೆ, ನಾಲ್ಕು ಜನರ ಮುಂದೆ ಅವಮಾನ ಮಾಡದೆ, “ಅಣ್ಣಾ, ಇದು ಇಂಥ ಕಡೆಯದು” ಎಂದು ತಿಳಿಸಿರಿ. ಸುದ್ದಿ ಬಂದ ದಾರಿಯಲ್ಲಿಯೇ ತಿದ್ದುಪಡಿಯೂ ಮರಳಿ ಹೋಗಬೇಕು.

ಆ ಕೊಲೆಗಳ ತರುವಾಯ, ೨೦೧೮ರ ಜುಲೈಯಲ್ಲಿ, ನಮ್ಮ ದೇಶದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಿಂತ ಹೆಚ್ಚಿಗೆ ಮುಂದೆ ಕಳಿಸದಂತೆ ವಾಟ್ಸಾಪ್ ಕಂಪನಿ ಕಟ್ಟು ಹಾಕಿತು. ಬಹಳ ಕೈ ದಾಟಿ ಬಂದ ಸಂದೇಶಕ್ಕೆ ಈಗ ಜೋಡಿ ಬಾಣದ ಗುರುತು ಇರುತ್ತದೆ. ಬಹಳ ಜನ ಕಳಿಸಿದ್ದಾರೆಂದರೆ ಬಹಳ ಜನ ಪರೀಕ್ಷಿಸಿದ್ದಾರೆಂದು ಅರ್ಥವಲ್ಲ, ಇದನ್ನು ನೆನಪಿಡಿರಿ. ೨೦೨೪ರ ಜುಲೈ ೧ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ ೩೫೩ನೆಯ ಕಲಮಿನಂತೆ ಜನರಲ್ಲಿ ಭೀತಿ ಹುಟ್ಟಿಸುವ ಉದ್ದೇಶದಿಂದ ಸುಳ್ಳು ವದಂತಿ ಹಬ್ಬಿಸುವುದು ಶಿಕ್ಷಾರ್ಹ. ಕಾಯಿದೆ ಬೇಕು, ಕಟ್ಟುಪಾಡೂ ಬೇಕು. ಆದರೆ ಬೀದಿಯಲ್ಲಿ ಗುಂಪು ಕೂಡಿದ ಆ ಹತ್ತು ಮಿನಿಟಿನಲ್ಲಿ ಕಾಯಿದೆ ಅಲ್ಲಿರುವುದಿಲ್ಲ. ನೀವು ಇರುತ್ತೀರಿ.

ಆ ಹತ್ತು ಮಿನಿಟಿನಲ್ಲಿ ಮಾಡಬೇಕಾದದ್ದು ಇದು. ಮೊದಲು ಒಬ್ಬರು ೧೧೨ಕ್ಕೆ ಫೋನು ಮಾಡಲಿ. ಇಬ್ಬರು ಮೂವರು ಗಟ್ಟಿಗರು ಆ ಅಪರಿಚಿತನ ಸುತ್ತ, ಮುಖ ಗುಂಪಿನ ಕಡೆಗೆ ಮಾಡಿ, ನಿಲ್ಲಲಿ. ಹತ್ತಿರದ ಅಂಗಡಿಯಲ್ಲಿ ಅವನನ್ನು ಕೂಡಿಸಿ ಬಾಗಿಲು ಹಾಕಲಿ. “ಕಳೆದ ಮಗು ಯಾರದು? ಅದರ ತಾಯಿ ಎಲ್ಲಿದ್ದಾಳೆ?” ಎಂದು ಗುಂಪನ್ನೇ ಕೇಳಲಿ. ಮಗುವೇ ಕಳೆದಿಲ್ಲವೆಂದು ತಿಳಿದರೆ ಅರ್ಧ ಗುಂಪು ತಾನಾಗಿ ಕರಗುತ್ತದೆ. ಅವನು ನಿಜವಾಗಿಯೂ ಕಳ್ಳನೇ ಇದ್ದರೂ ಜೀವಂತ ಸಿಕ್ಕರೆ ಮಗು ಎಲ್ಲಿದೆಯೆಂದು ಹೇಳಿಯಾನು. ಹೆಣ ಏನು ಹೇಳೀತು?

ಇನ್ನು ಮಕ್ಕಳಿಗೆ ನಿಜವಾದ ಅಪಾಯ ಎಲ್ಲಿದೆ? ೨೦೨೪ರ ಏಪ್ರಿಲ್ ೩ರಂದು ನಮ್ಮದೇ ಇಂಡಿ ತಾಲ್ಲೂಕಿನ ಲಚ್ಯಾಣದಲ್ಲಿ ಎರಡು ವರ್ಷದ ಕೂಸು ತೆರೆದ ಕೊಳವೆಬಾವಿಯಲ್ಲಿ ಬಿದ್ದಿತು. ಸುಮಾರು ಇಪ್ಪತ್ತು ತಾಸು ಅಗೆದು ಮರುದಿನ ಜೀವಂತ ಎತ್ತಿದರು, ಜಿಲ್ಲೆಯೇ ನಿಟ್ಟುಸಿರು ಬಿಟ್ಟಿತು. ೨೦೧೭ರಲ್ಲಿ ಅಥಣಿ ತಾಲ್ಲೂಕಿನ ಝುಂಜರವಾಡದ ಆರು ವರ್ಷದ ಹುಡುಗಿಗೆ ಆ ಭಾಗ್ಯವಿರಲಿಲ್ಲ. ಬಿಟ್ಟ ಕೊಳವೆಬಾವಿಗಳನ್ನು ಮುಚ್ಚಬೇಕೆಂದು ಸುಪ್ರೀಂ ಕೋರ್ಟು ೨೦೧೦ರಲ್ಲಿಯೇ ಅಪ್ಪಣೆ ಮಾಡಿದೆ. ಬಾಯಿ ತೆರೆದ ಕೊಳವೆಬಾವಿಯ ಚಿತ್ರವನ್ನು ಎಷ್ಟು ಜನ ಐದು ಕಡೆ ಕಳಿಸಿದ್ದೇವೆ? ಇನ್ನೊಂದು ಮಾತು ಹೇಳಲು ಕಷ್ಟ, ಆದರೂ ಹೇಳಬೇಕು. ಮಕ್ಕಳ ಮೇಲಿನ ಅತ್ಯಾಚಾರದ ಪ್ರಕರಣಗಳಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಕಡೆ ಆರೋಪಿ ಮಗುವಿಗೆ ಪರಿಚಿತನೇ ಎಂದು ಸರ್ಕಾರದ ಅಪರಾಧ ದಾಖಲೆಗಳು ಹೇಳುತ್ತವೆ. ನಾವು ಬಾಗಿಲಲ್ಲಿ ಕೋಲು ಹಿಡಿದು ಗೋಸಾವಿಯನ್ನು ಕಾಯುತ್ತ ಕುಳಿತರೆ ಒಳಗಿನವನನ್ನು ಕಾಯುವವರು ಯಾರು? ಸಂಕಟದಲ್ಲಿರುವ ಮಗುವಿಗಾಗಿ ೧೦೯೮ ಎಂಬ ನಂಬರು ಇದೆ, ಕಾಸು ಖರ್ಚಿಲ್ಲ. ಅದನ್ನು ಮನೆಯ ಗೋಡೆಯ ಮೇಲೆ ಬರೆದಿಡಿರಿ.

ಕೊನೆಯದಾಗಿ, ಮಕ್ಕಳೊಡನೆ ಮಾತನಾಡಿರಿ. ಹೆದರಿಸುವ ಚಿತ್ರ ತೋರಿಸಿ “ಇದು ಬಂತೇನು?” ಎಂದು ಕೇಳಬೇಡಿರಿ. “ಮೊಬೈಲಿನಲ್ಲಿ ಮನಸ್ಸಿಗೆ ಕೆಟ್ಟದೆನಿಸುವಂಥದು ಏನಾದರೂ ಕಂಡೆಯಾ? ಕಂಡರೆ ನನಗೆ ಹೇಳು, ನಾನು ಬಯ್ಯುವುದಿಲ್ಲ” ಎನ್ನಿರಿ. ಹೇಳಿದಾಗ ಮಾತಿನಂತೆ ಬಯ್ಯದೆ ಇರಿ. ಹೇಳಿದರೆ ಮೊಬೈಲು ಕಸಿಯುತ್ತಾರೆಂಬ ಭಯವಿದ್ದ ಮಗು ನಿಜವಾದ ಆಪತ್ತನ್ನೂ ಮುಚ್ಚಿಡುತ್ತದೆ.

ಈ ಸಭೆಯಿಂದ ಠರಾವಿನ ಕಾಗದ ಬೇಡ. ಪ್ರತಿಯೊಂದು ಓಣಿಯಲ್ಲಿ, ಪ್ರತಿಯೊಂದು ಪಾಳಿಯಲ್ಲಿ ಇಬ್ಬರು ಮುಂದೆ ಬರಲಿ. ಇಂಥ ಸುದ್ದಿ ಬಂದಾಗ ಉಳಿದವರು ಮೊದಲು ಅವರಿಗೆ ತೋರಿಸಲಿ, ಅವರು ವಿಚಾರಿಸಿ ಹೇಳಲಿ. ಇದೇ ವಾರದಲ್ಲಿ ನಿಮ್ಮ ಹೊಲದ, ನೆರೆಯವರ ಹೊಲದ ಬತ್ತಿದ ಕೊಳವೆಬಾವಿಗಳ ಬಾಯಿ ಮುಚ್ಚಿದೆಯೋ ಇಲ್ಲವೋ ನೋಡಿ ಬನ್ನಿರಿ. ಮುಂದಿನ ಸಭೆಯಲ್ಲಿ ಎಷ್ಟು ಮುಚ್ಚಿದಿರೆಂಬ ಲೆಕ್ಕವನ್ನು ನಾನು ಕೇಳುವವನಿದ್ದೇನೆ.