ಚಳಿಗಾಲಕ್ಕೆ ಒಳಗೆ ಬರುವ ಹಣ್ಣಿನ ಗಿಡಗಳು



ನಮ್ಮ ನಾಡಿನಲ್ಲಿ ನಿಂಬೆಯ ಗಿಡವು ವರ್ಷವೆಲ್ಲವೂ ಹಿತ್ತಿಲಿನಲ್ಲಿಯೇ ಇರುವುದು. ಹಿಮ ಬೀಳುವ ದೇಶಗಳಲ್ಲಿ ಅದಕ್ಕೆ ಆ ಭಾಗ್ಯವಿಲ್ಲ. ಫ್ರಾನ್ಸಿನ ವರ್ಸೇಲ್ಸ್ ಅರಮನೆಯಲ್ಲಿ 1684ರಿಂದ 1686ರ ವರೆಗೆ ಕಿತ್ತಳೆಯ ಗಿಡಗಳಿಗಾಗಿಯೇ 150 ಮೀಟರಿಗೂ ಮಿಕ್ಕಿದ ಉದ್ದದ ಕಲ್ಲಿನ ಮಂದಿರವೊಂದನ್ನು ಕಟ್ಟಿದರು. ತೊಟ್ಟಿಗಳಲ್ಲಿ ಬೆಳೆದ ಕಿತ್ತಳೆ, ನಿಂಬೆ, ದಾಳಿಂಬೆಗಳು ಇಂದಿಗೂ ಚಳಿಗಾಲವನ್ನು ಅದರೊಳಗೆ ಕಳೆಯುತ್ತವೆ. ಯೂರೋಪು ಅಮೆರಿಕಗಳ ಸಾಮಾನ್ಯ ಗೃಹಸ್ಥರು ಇದೇ ಕ್ರಮವನ್ನು ಕಿಟಕಿಯ ಬಳಿಯಲ್ಲಿ ಅನುಸರಿಸುವರು. ಅಲ್ಲಿ ನೆಲೆಸಿದ ಕನ್ನಡಿಗರು ಹೀಗೆ ಒಳಗೆ ತರುವ ಕರಿಬೇವು ಕೂಡ ನಿಂಬೆಯ ಕುಲಕ್ಕೇ ಸೇರಿದುದು.

ಆದರೆ ಗಿಡದೊಡನೆ ಕರೆಯದ ಅತಿಥಿಗಳೂ ಬರುವುವು. ಹೊರಗಿರುವಾಗ ಮಳೆಯು ಎಲೆಗಳನ್ನು ತೊಳೆಯುವುದು; ಗುಲಗಂಜಿ ಹುಳುವು ಗಿಡಹೇನುಗಳನ್ನು ತಿನ್ನುವುದು. ಒಳಗೆ ಈ ರಕ್ಷಕರಾರೂ ಇಲ್ಲ. ಬೆಚ್ಚಗಿನ ಒಣಗಾಳಿಯಲ್ಲಿ ಕೆಂಪು ನುಸಿಗಳು ಒಂದೆರಡು ವಾರಗಳಲ್ಲಿಯೇ ಹೊಸ ತಲೆಮಾರನ್ನು ಪಡೆಯುವುವು. ಹಿಟ್ಟುತಿಗಣೆಯೂ ಶಲ್ಕಕೀಟವೂ ರಸವನ್ನು ಹೀರಿ, ಸಿಹಿಯಾದ ಅಂಟನ್ನು ಸುರಿಸುವುವು. ಅದರ ಮೇಲೆ ಕಪ್ಪು ಬೂಷ್ಟು ಹಬ್ಬುವುದು. ಆಗ ಔಷಧವನ್ನು ಸಿಂಪಡಿಸೋಣವೆಂದರೆ, ಹಣ್ಣು ತಿನ್ನತಕ್ಕದ್ದು, ಕೋಣೆ ಮಕ್ಕಳು ಮಲಗತಕ್ಕದ್ದು. ಆದುದರಿಂದ ಹೊಸಲಿನ ಆಚೆಯಲ್ಲಿಯೇ ಎಚ್ಚರ ವಹಿಸುವುದು ಮೇಲು.

ಹಿಮ ಬೀಳುವುದಕ್ಕೆ ಮೂರು ನಾಲ್ಕು ವಾರಗಳ ಮೊದಲೇ ಪರೀಕ್ಷೆಯನ್ನು ಆರಂಭಿಸಬೇಕು. ಎಲೆಯ ಅಡಿಭಾಗ, ಕವಲುಗಳ ಸಂದು, ಕುಂಡದ ಅಂಚು, ತಳದ ರಂಧ್ರ ಇವು ಮುಖ್ಯ ಸ್ಥಳಗಳು. ಕಾಂಡದ ಮೇಲೆ ಇರುವೆಗಳ ಸಾಲು ಕಂಡರೆ ಮೇಲೆ ರಸ ಹೀರುವ ಕೀಟವುಂಟೆಂದು ಸಂದೇಹಿಸಬೇಕು. ಒಣಗಿದ ಎಲೆಗಳನ್ನು ತೆಗೆದು, ರಭಸದ ನೀರಿನಿಂದ ಗಿಡವನ್ನು ತೊಳೆಯಬೇಕು. ಅಂಟಿದ ಶಲ್ಕಗಳನ್ನು ಕೆರೆದು ತೆಗೆಯಬೇಕು. ಒಂದು ಲೀಟರು ನೀರಿಗೆ ಎರಡು ಚಿಕ್ಕ ಚಮಚ ಮೃದುವಾದ ಸಾಬೂನಿನ ದ್ರವವನ್ನು ಬೆರೆಸಿ, ಬಿಸಿಲಿಲ್ಲದ ವೇಳೆಯಲ್ಲಿ ಸಿಂಪಡಿಸಿ, ಬಳಿಕ ತೊಳೆಯಬೇಕು. ಸಾಬೂನಿಗೆ ಮೊಟ್ಟೆಗಳು ಸಾಮಾನ್ಯವಾಗಿ ಸಾಯವು. ಆದಕಾರಣ ವಾರಕ್ಕೊಮ್ಮೆಯಂತೆ ಮೂರು ಸಲ ಹೀಗೆ ಮಾಡುವುದು ಅವಶ್ಯಕ.

ಒಳಗೆ ತಂದ ಮೇಲೆಯೂ ಎರಡು ಮೂರು ವಾರ ಇತರ ಗಿಡಗಳಿಂದ ದೂರವಿಡಬೇಕು. ಒಲೆಯ ಬಿಸಿಗಾಳಿ ತಾಗದ, ಬೆಳಕುಳ್ಳ ತಂಪು ಸ್ಥಳವೇ ಯೋಗ್ಯ. ನೀರನ್ನು ಮಿತವಾಗಿ ಹಾಕಬೇಕು. ಸದಾ ಒದ್ದೆಯಾದ ಮಣ್ಣಿನಲ್ಲಿ ಸಣ್ಣ ನೊಣಗಳು ಹುಟ್ಟುವುವು, ಬೇರೂ ಕೊಳೆಯುವುದು.

ಉಗುರಿನಿಂದ ಹೋಗುವುದಕ್ಕೆ ಕೊಡಲಿಯೇಕೆ ಎಂದು ನಮ್ಮ ಹಿರಿಯರು ಕೇಳುತ್ತಿದ್ದರು. ಶಲ್ಕಕೀಟದ ವಿಷಯದಲ್ಲಿ ಈ ಮಾತು ಅಕ್ಷರಶಃ ನಿಜ: ಇಂದು ಉಗುರಿನಿಂದ ಕೆರೆದು ತೆಗೆಯಬಹುದಾದುದನ್ನು ಅಲಕ್ಷಿಸಿದರೆ, ವಸಂತ ಬರುವ ವೇಳೆಗೆ ಕೊಂಬೆಯನ್ನೇ ಕಡಿಯಬೇಕಾದೀತು.