ಪಡೆಯನ್ನು ಆರಿಸುವ ಬಗೆ

ಹಾಸನದಿಂದ ಬೇಲೂರಿಗೆ ಹೋಗುವ ದಾರಿಯಲ್ಲಿ ಹಗರೆ ಎಂಬ ಊರಿದೆ. ಹಳೇಬೀಡಿನ ದಾರಿ ಕವಲೊಡೆಯುವುದು ಅಲ್ಲಿಯೇ. ಅಲ್ಲಿ ಬಸ್ಸಿಗಾಗಿ ಕಾಯುವ ಹುಡುಗರ ಕೈಯಲ್ಲಿ ಈಗ ಮೊಬೈಲು, ಮೊಬೈಲಿನೊಳಗೆ ಯುದ್ಧ. 'ಈ ಬಾಸಿಗೆ ಯಾವ ಟೀಮು ಕಟ್ಟೋಣ?' ಎಂಬುದು ಅವರ ಚರ್ಚೆಯ ವಿಷಯ. ಬಾಸ್ ಎಂದರೆ ಆಟದ ಒಂದು ಘಟ್ಟದ ಕೊನೆಯಲ್ಲಿ ಎದುರಾಗುವ ಮಹಾವೈರಿ. ತಮ್ಮಲ್ಲಿರುವ ಹಲವಾರು ವೀರರಲ್ಲಿ ನಾಲ್ಕೈದು ಮಂದಿಯನ್ನಷ್ಟೇ ಆರಿಸಿ ಅವನೆದುರಿಗೆ ನಿಲ್ಲಿಸಬೇಕು. ಹಿರಿಯರು ಇದನ್ನು ಕಾಲಹರಣವೆಂದು ತಳ್ಳಿಹಾಕುವುದುಂಟು. ಆದರೆ ಕೇಳುಗರೇ, ಪ್ರಶ್ನೆ ಹೊಸದಲ್ಲ. ಮಹಾಭಾರತದ ಯುದ್ಧಪರ್ವಗಳನ್ನು ಓದಿದವರಿಗೆ ಇದು ಚಿರಪರಿಚಿತವಾದುದು.

ಎಳೆಯ ಆಟಗಾರನಿಗೆ ಮೊದಲು ತೋಚುವುದು ಬಲಿಷ್ಠರ ಪಟ್ಟಿ. ಅದರ ಮೇಲಿನ ಐವರನ್ನು ಕೂಡಿಸಿದರೆ ಗೆಲುವು ಖಚಿತವೆಂದು ಅವನ ಎಣಿಕೆ. ಆದರೆ ಐವರೂ ಹೊಡೆಯುವವರೇ ಆದರೆ ಪೆಟ್ಟು ತಡೆಯುವವರು ಯಾರು, ಗಾಯ ಮಾಯಿಸುವವರು ಯಾರು? ದುರ್ಯೋಧನನದೂ ಇದೇ ಎಣಿಕೆ. ಅವನ ಕಡೆ ೧೧ ಅಕ್ಷೋಹಿಣಿ, ಪಾಂಡವರ ಕಡೆ ೭. ಭೀಷ್ಮ, ದ್ರೋಣ, ಕರ್ಣ ಮೂವರೂ ಅವನವರೇ. ಭೀಷ್ಮನು ಯುದ್ಧಕ್ಕೆ ಮುನ್ನ ರಥಿಕರನ್ನೂ ಅತಿರಥರನ್ನೂ ಎಣಿಸುತ್ತ ಕರ್ಣನನ್ನು ಅರ್ಧರಥನೆಂದುಬಿಟ್ಟ. ಭೀಷ್ಮನಿರುವವರೆಗೆ ತಾನು ಕಾದುವುದಿಲ್ಲವೆಂದು ಕರ್ಣ ದೂರ ಉಳಿದ. ಕ್ರಿ.ಶ. ೯೪೧ರಲ್ಲಿ 'ವಿಕ್ರಮಾರ್ಜುನ ವಿಜಯ'ವನ್ನು ರಚಿಸಿದ ಪಂಪನೂ ಈ ಮನಸ್ತಾಪವನ್ನು ಮನಮುಟ್ಟುವಂತೆ ಚಿತ್ರಿಸಿದ್ದಾನೆ. ಸೇನಾಪತಿಯಾದ ಭೀಷ್ಮನೋ, ಪಾಂಡವರನ್ನು ಕೊಲ್ಲೆನೆಂದು ಮೊದಲೇ ಹೇಳಿದವನು. ಹೀಗೆ ೧೦ ದಿನಗಳ ಕಾಲ ಒಬ್ಬ ಮಹಾವೀರ ಅರೆಮನಸ್ಸಿನಿಂದ ಕಾದಿದ, ಇನ್ನೊಬ್ಬ ಡೇರೆಯಲ್ಲಿ ಕುಳಿತ. ಪಟ್ಟಿಯಲ್ಲಿ ಎಲ್ಲರೂ ಇದ್ದರು, ಪಡೆಯಲ್ಲಿ ಇರಲಿಲ್ಲ.

ಪಾಂಡವರ ಆಯ್ಕೆಯ ಬಗೆ ಬೇರೆ. ಅವರು ಎದುರಾಳಿಯನ್ನು ನೋಡಿ ಆಳನ್ನು ಆರಿಸಿದರು. ೯ ದಿನ ಅರ್ಜುನ ಭೀಮರಿಂದಲೂ ಆಗದ ಕೆಲಸ ೧೦ನೆಯ ದಿನ ಶಿಖಂಡಿಯನ್ನು ಮುಂದೆ ನಿಲ್ಲಿಸಿದಾಗ ಆಯಿತು. ಶಿಖಂಡಿ ಅರ್ಜುನನಿಗಿಂತ ಬಲಶಾಲಿಯೆಂದಲ್ಲ. ಅವನ ಮೇಲೆ ಭೀಷ್ಮ ಬಾಣ ಬಿಡಲಾರನೆಂಬುದೇ ಅವನ ಬಲ. ಪಟ್ಟಿಯ ತಳದಲ್ಲಿರುವವನು ಒಮ್ಮೊಮ್ಮೆ ಒಬ್ಬ ವೈರಿಯ ಮಟ್ಟಿಗೆ ಎಲ್ಲರಿಗಿಂತ ಮೇಲಿನವನು. ನುರಿತ ಆಟಗಾರರು ಕಂಡುಕೊಂಡಿರುವ ಗುಟ್ಟೂ ಇದೇ.

ಆದರೂ ಈ ಜಾಣ್ಮೆಗೊಂದು ಮಿತಿಯುಂಟು. ಹಗರೆಯಿಂದ ಹಳೇಬೀಡಿಗೆ ಹೋಗಿ ಹೊಯ್ಸಳೇಶ್ವರ ದೇವಾಲಯದ ಹೊರಗೋಡೆಯನ್ನು ನೋಡಿರಿ. ಸುರುಳಿ ಸುತ್ತಿಕೊಂಡ ಚಕ್ರವ್ಯೂಹ, ಅದರೊಳಗೆ ಅಭಿಮನ್ಯು. ೧೩ನೆಯ ದಿನ ಅರ್ಜುನನನ್ನು ಸಂಶಪ್ತಕರು ಬೇರೆಡೆಗೆ ಸೆಳೆದಿದ್ದರು. ವ್ಯೂಹವನ್ನು ಹೊಗಲು ಬಲ್ಲವನು, ಹೊರಬರಲು ಅರಿಯದವನು ಈ ಹುಡುಗನೊಬ್ಬನೇ. 'ನೀನು ದಾರಿ ಮಾಡು, ನಾವು ಹಿಂದೆಯೇ ಬರುತ್ತೇವೆ' ಎಂದರು ಹಿರಿಯರು. ಬಾಗಿಲಲ್ಲಿ ಜಯದ್ರಥನೊಬ್ಬ ನಾಲ್ವರು ಪಾಂಡವರನ್ನೂ ತಡೆದ. ಆಯ್ಕೆ ತಪ್ಪಾಗಿರಲಿಲ್ಲ, ಬೇರೆ ಯಾರೂ ಇರಲಿಲ್ಲ. ಆದರೆ ಹೊಗುವುದಕ್ಕೆ ಉಪಾಯವಿತ್ತು, ಹೊರಡಿಸುವುದಕ್ಕೆ ಇರಲಿಲ್ಲ.

೧೪ನೆಯ ದಿನದ ರಾತ್ರಿಯ ಕಥೆ ಇನ್ನೂ ಕಠಿಣ. ಕರ್ಣನ ಬಳಿ ಒಮ್ಮೆ ಮಾತ್ರ ಬಳಸಬಹುದಾದ ಶಕ್ತ್ಯಾಯುಧವಿತ್ತು. ಅದನ್ನು ಅವನು ಅರ್ಜುನನಿಗಾಗಿ ಕಾದಿರಿಸಿದ್ದ. ಇರುಳಿನಲ್ಲಿ ಬಲ ಹೆಚ್ಚುವ ಘಟೋತ್ಕಚನನ್ನು ಅವನೆದುರು ಬಿಟ್ಟರು. ಅವನ ಹೊಡೆತ ತಾಳಲಾರದೆ ಕರ್ಣ ಆಯುಧವನ್ನು ಕಳೆದುಕೊಂಡ. ಭೀಮ ಮಗನನ್ನು ಕಳೆದುಕೊಂಡ. ಕೃಷ್ಣ ಹರ್ಷಗೊಂಡ, ಧರ್ಮರಾಯ ಮರುಗಿದ. ಲೆಕ್ಕದಲ್ಲಿ ಕೃಷ್ಣನದು ಸರಿ. ಆದರೆ ಕಾವ್ಯ ಆ ಲೆಕ್ಕದ ಪಕ್ಕದಲ್ಲಿಯೇ ಶೋಕವನ್ನೂ ಇಟ್ಟಿದೆ, ಒಂದರಿಂದ ಇನ್ನೊಂದನ್ನು ಅಳಿಸಿಲ್ಲ.

ಮೊಬೈಲಿನ ಆಟದಲ್ಲಿ ಬಿದ್ದ ವೀರ ಮರುಗಳಿಗೆಯಲ್ಲಿ ಎದ್ದು ನಿಲ್ಲುತ್ತಾನೆ. ಆದುದರಿಂದ ಅಲ್ಲಿ ಯಾರನ್ನು ಬೇಕಾದರೂ ಮುಂದೆ ತಳ್ಳಿ ನೋಡಬಹುದು; ಸೋತು ಕಲಿಯಬಹುದು. ಅದು ಆಟದ ಉಪಕಾರ. ಎದುರಾಳಿಯನ್ನು ಅರಿತು ಆಳನ್ನು ಆರಿಸುವ ವಿವೇಕ ಹುಡುಗರಿಗೆ ಅಲ್ಲಿಂದ ಬಂದರೆ ಸಂತೋಷವೇ. ಆದರೆ ನಾಳೆ ಇವರು ಶಾಲೆ ನಡೆಸಿಯಾರು, ಕಚೇರಿ ನಡೆಸಿಯಾರು. ಕಷ್ಟದ ಕೆಲಸಕ್ಕೆ ಮನುಷ್ಯರನ್ನು ಆರಿಸಿ ಕಳುಹಿಸಿಯಾರು. ಆಗ ಕೇಳಬೇಕಾದುದು ಗೆಲ್ಲುವವರು ಯಾರು ಎಂಬುದೊಂದನ್ನೇ ಅಲ್ಲ. ಒಳಹೊಕ್ಕವನನ್ನು ಮರಳಿ ಕರೆತರುವವರು ಯಾರು ಎಂಬುದನ್ನೂ ಕೇಳಬೇಕು. ಈ ಎರಡನೆಯ ಪ್ರಶ್ನೆಯನ್ನು ಕಲಿಸಲು ಆಟ ಸಾಲದು, ಕಾವ್ಯ ಬೇಕು.