ಎರಡು ಹಳೆಯ ಕಾರುಗಳು



ಹಳೆಯ ಕಾರನ್ನು ಕೊಳ್ಳಹೊರಟವನ ಪಾಡು ಪಾಠಾಂತರಗಳ ನಡುವೆ ಸಿಕ್ಕಿಬಿದ್ದ ಗ್ರಂಥಸಂಪಾದಕನ ಪಾಡಿನಂಥದು. ಮೂಲ ಯಾವುದು, ಪ್ರಕ್ಷಿಪ್ತ ಯಾವುದು ಎಂದು ನಿರ್ಣಯಿಸುವುದು ಇಬ್ಬರಿಗೂ ಕಷ್ಟವೇ. 1989ರಲ್ಲಿ, ಮೈಸೂರಿನಲ್ಲಿ ಅಧ್ಯಾಪಕನಾಗಿದ್ದ ನನ್ನ ಮುಂದೆ ಅಂಥ ಎರಡು ಪ್ರತಿಗಳಿದ್ದುವು: 1972ರ ಅಂಬಾಸಿಡರ್, 1977ರ ಪ್ರೀಮಿಯರ್ ಪದ್ಮಿನಿ. ಭವಿಷ್ಯನಿಧಿಯಿಂದ ತೆಗೆದ ಹಣ ಒಂದಕ್ಕೆ ಮಾತ್ರ ಸಾಲುತ್ತಿತ್ತು.

ಎರಡರ ಮೂಲವೂ ವಿದೇಶದ್ದೇ. ಅಂಬಾಸಿಡರ್ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ರೂಪಾಂತರ. ಬಂಗಾಳದ ಉತ್ತರಪಾಡಾದಲ್ಲಿ ತಯಾರಾಗುತ್ತಿತ್ತು. ಪದ್ಮಿನಿ ಇಟಲಿಯ ಫಿಯಟ್ 1100ರ ಸಂತಾನ; ಮುಂಬಯಿಯ ಕುರ್ಲಾದಲ್ಲಿ ಜನಿಸಿದ್ದು. ಮೊದಲನೆಯದರ ಎಂಜಿನ್ 1489 ಸಿ.ಸಿ., ಎರಡನೆಯದರದು 1089. ಎರಡರಲ್ಲಿಯೂ ಗೇರಿನ ಹಿಡಿ ಸ್ಟೀರಿಂಗಿನ ಮಗ್ಗುಲಲ್ಲೇ. ಮುಂದಿನ ಆಸನ ಬೆಂಚಿನಂತೆ ಅಖಂಡ. ಸಾಮ್ಯ ಬಹುಮಟ್ಟಿಗೆ ಅಲ್ಲಿಗೆ ಮುಗಿಯಿತು. ಅಂಬಾಸಿಡರ್ ಗಜಗಾತ್ರದ್ದು; ತಿರುಗಿಸಲು ತೋಳ್ಬಲ ಬೇಕು, ಪೆಟ್ರೋಲಿನ ದಾಹವೂ ಹೆಚ್ಚು. ಪದ್ಮಿನಿ ಹಗುರ, ಇಕ್ಕಟ್ಟಿನ ಬೀದಿಗಳಲ್ಲಿ ಸಲೀಸು, ಖರ್ಚಿನಲ್ಲಿ ಮಿತ.

ಪರೀಕ್ಷೆಗೆ ಗ್ಯಾರೇಜಿನ ಮೇಸ್ತ್ರಿಯೊಬ್ಬರನ್ನು ಕರೆದೊಯ್ದೆ. “ಬಣ್ಣ ನೋಡಬೇಡಿ ಮೇಷ್ಟ್ರೇ, ತಳ ನೋಡಿ” ಎನ್ನುತ್ತ ಅವರು ಪದ್ಮಿನಿಯ ಕಾಲುಹಾಸನ್ನು ಎತ್ತಿ ಸ್ಕ್ರೂಡ್ರೈವರ್ ಒತ್ತಿದರು. ತುಕ್ಕು ತಿಂದ ತಗಡಿನಲ್ಲಿ ಅದು ಸಲೀಸಾಗಿ ಇಳಿಯಿತು. ಅಂಬಾಸಿಡರಿನ ತಳ ಗಟ್ಟಿಯಾಗಿತ್ತು. ಆದರೆ ಚಾಲೂ ಮಾಡಿದೊಡನೆ ಹಿಂದಿನಿಂದ ನೀಲಿ ಹೊಗೆ ಬಂದಿತು. ರಿಂಗುಗಳು ಸವೆದು ಎಣ್ಣೆ ಉರಿಯುತ್ತಿದೆಯೆಂದರು. ತಗಡಿಗೆ ವೆಲ್ಡಿಂಗು ಅಗ್ಗ, ಎಂಜಿನ್ ಬಿಚ್ಚುವುದು ದುಬಾರಿ. ಲೆಕ್ಕ ಸ್ಪಷ್ಟವಾಗಿತ್ತು. ಪದ್ಮಿನಿಯನ್ನೇ ತಂದೆ.

ಮರುವರ್ಷ ಊರಿನಲ್ಲಿ ನಮ್ಮ ತಂದೆಯವರು ಜಾರಿಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಮೈಸೂರಿನ ಆಸ್ಪತ್ರೆಗೆ ಆ ಕಾರಿನಲ್ಲೇ ಕರೆತಂದೆ. ಹಿಂದಿನ ಆಸನದಲ್ಲಿ ಅವರಿಗೆ ಕಾಲು ಚಾಚಲು ಎಡೆಯಿರಲಿಲ್ಲ. ತಾಯಿಯವರು ಬಾಗಿಲಿಗೆ ಒತ್ತಿ ಕುಳಿತು, ಅವರ ಪಾದಗಳನ್ನು ಮಡಿಲಲ್ಲಿ ಹಿಡಿದಿದ್ದರು. ಹಳ್ಳ ಬಂದಾಗಲೆಲ್ಲ ನನಗೆ ನೆನಪಾದುದು ಅಂಬಾಸಿಡರಿನ ಆ ವಿಶಾಲವಾದ ಆಸನ. ಇಳಿಸುವಾಗ ಅವರು ಅಂದದ್ದು ಇಷ್ಟೇ: “ಕಾರು ಚೆನ್ನಾಗಿದೆಯಪ್ಪ.”

ಅಂಬಾಸಿಡರಿನ ತಯಾರಿಕೆ 2014ರಲ್ಲಿ ನಿಂತಿತು. ಮುಂಬಯಿಯ ಬೀದಿಗಳಿಂದ ಪದ್ಮಿನಿ ಟ್ಯಾಕ್ಸಿಗಳು 2023ರಲ್ಲಿ ಮರೆಯಾದುವು. ಇವೆರಡರಲ್ಲಿ ಯಾವುದು ಮೇಲೆಂದು ಯಾರಾದರೂ ಕೇಳಿದರೆ, ಎಂಜಿನ್ನು, ತುಕ್ಕು, ಪೆಟ್ರೋಲುಗಳ ಲೆಕ್ಕವನ್ನು ಈಗಲೂ ಒಪ್ಪಿಸಬಲ್ಲೆ. ಆದರೆ ಅದಕ್ಕೆ ಮುನ್ನ, ಹಿಂದಿನ ಆಸನದಲ್ಲಿ ಕೂರುವವರು ಯಾರೆಂದು ಕೇಳುತ್ತೇನೆ. ಅಂದು ನಾನು ಕೇಳಿಕೊಳ್ಳದೆ ಹೋದ ಪ್ರಶ್ನೆ ಅದು.